ಸುರುಳಿ ಬ್ಲೇಡು ಮತ್ತು ಕುಸುಬಿಯ ಮುಳ್ಳು

ಕಿಟಕಿಯ ಅಳತೆಯನ್ನು ಮಾಸ್ತರರು ಸುತಳಿಯಲ್ಲಿ ತಂದಿದ್ದರು. ನಾನು ಟೇಪು ಕಿಸೆಗೆ ಹಾಕಿಕೊಂಡು, "ನಡೀರಿ ಸರ್, ನಿಮ್ಮ ಗಾಡಿ ಮ್ಯಾಲೇ ಹೋಗಿ ಅಳತಿ ತೊಗೊಂಡ ಬರೂಣು" ಎಂದು ಎದ್ದು ನಿಂತಿದ್ದೆ. ಅವರು ಕೂತಲ್ಲಿಂದ ಏಳಲಿಲ್ಲ. ಚೀಲದಿಂದ ಸುತಳಿಯ ಸುತ್ತು ತೆಗೆದು ನನ್ನ ಟೇಬಲ್ಲಿನ ಮೇಲಿಟ್ಟರು. ಅಗಲಕ್ಕೆ ಒಂದು ಗಂಟು, ಎತ್ತರಕ್ಕೆ ಒಂದು ಗಂಟು.

"ಇದರಾಗ ಎಲ್ಲಾ ಐತೆಪಾ. ನೀ ಬರೂದೇನ ಬ್ಯಾಡ. ಸುಮ್ನ ನಿನಗ್ಯಾಕ ತ್ರಾಸ."

ತ್ರಾಸವಂತೆ! ಸಂಶಿಯಿಂದ ಅವರ ಊರಿಗೆ ಬಸ್ಸು ಹತ್ತಿದರೆ ಬಾಯಲ್ಲಿನ ಎಲೆ ಅಡಿಕೆ ಮುಗಿಯುವುದರೊಳಗೆ ಇಳಿಯಬೇಕು. ಅಷ್ಟು ಹತ್ತಿರ. ಆದರೂ ನಾನು ಟೇಪನ್ನು ಮತ್ತೆ ಮೊಳೆಗೆ ತೂಗುಹಾಕಿದೆ.

ಅವರು ನನಗೆ ಐದರಿಂದ ಏಳನೇ ಇಯತ್ತೆಯವರೆಗೆ ಕಲಿಸಿದ ಮಾಸ್ತರರು. ನಿವೃತ್ತರಾದ ಮೇಲೆ ಊರಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದರು. ನನ್ನದು ಸಂಶಿಯ ಬಸ್ ರಸ್ತೆಗೆ ಹತ್ತಿದ ತಗಡಿನ ಶೆಡ್ಡು, ಅದರಲ್ಲಿ ಒಂದು ಸ್ಕ್ರೋಲ್ ಗರಗಸ. ಬೆಂಕಿಕಡ್ಡಿಗಿಂತ ಸಪೂರವಾದ ಬ್ಲೇಡು ಮೇಲೆ ಕೆಳಗೆ ಕುಣಿಯುತ್ತಿರುತ್ತದೆ, ನಾವು ಹಲಗೆಯನ್ನು ಕೈಯಲ್ಲಿ ಆಡಿಸಿ ಬಳ್ಳಿ, ಹೂವು, ಹೆಸರಿನ ಅಕ್ಷರ ಕೊಯ್ಯುತ್ತೇವೆ. ಬ್ಲೇಡು ಒಳಗೆ ತೂರಿಸಲು ಮೊದಲು ಸಣ್ಣ ತೂತು ಬೇಕು. ಆ ತೂತು ಹಾಕುವ ಕೆಲಸ ನನ್ನ ಹೆಂಡತಿಯದು. ಅವಳ ಕೈ ನನಗಿಂತ ಸ್ಥಿರ, ನಾಲಿಗೆ ನನಗಿಂತ ಖಾರ.

ಮಾಸ್ತರರಿಗೆ ಬೇಕಾದದ್ದು ಒಂದು ಜಾಲಿ, ಅಂದರೆ ಕೊರೆದ ಕಟ್ಟಿಗೆಯ ಜಾಲರಿ. ಪಡಸಾಲೆಗೂ ದೇವರ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಟಕಿ ಬಿಟ್ಟಿದ್ದರು. ಮೂರು ಅಡಿ ಅಗಲ, ಎರಡು ಅಡಿ ಎತ್ತರ. ಅದಕ್ಕೆ ಚೌಕಟ್ಟೂ ಕೂರಿಸಿ ಆಗಿತ್ತು. ಅದರೊಳಗೆ ಸಾಗವಾನಿಯ ಜಾಲಿ, ಜಾಲಿಯಲ್ಲಿ ಕುಸುಬಿಯ ಹೂವು.

"ನಿನಗ ನೆನಪೈತೇನೋ? ಆರನೇ ಇಯತ್ತ್ಯಾಗ ಬೋರ್ಡಿನ ಮ್ಯಾಲ ಬಣ್ಣದ ಖಡುವಿನ್ಯಾಗ ಕುಸುಬಿ ಹೂವ ತಗದಿದ್ದಿ. ಎಂಟ ದಿನ ಯಾರಿಗೂ ಅಳಸಾಕ ಬಿಡಲಿಲ್ಲ ನಾ. ಅದ ಹೂವ ಬೇಕ ನನಗ. ಮತ್ಯಾರ ಕೈಲೂ ಆಗೂದಿಲ್ಲದು."

ಮರೆಯುವುದೆಂದರೇನು! ಆ ಶಾಲೆಯಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು ಶಾಬಾಸ್ ಅಂದವರು ಇವರೊಬ್ಬರೇ. ಉಳಿದ ಮಾಸ್ತರರು ನನ್ನ ಪಾಟಿಯನ್ನು ಕೂಡ ದೂರದಿಂದಲೇ ನೋಡುತ್ತಿದ್ದರು. ಇವರು ಮುಂದಿನ ಸಾಲಿಗೆ ಕರೆದು ಕೂರಿಸಿದರು, ತಮ್ಮ ಖಡುವಿನ ಡಬ್ಬಿ ಕೊಟ್ಟರು. ಈ ಜಾಲಿಯಲ್ಲಿ ನನ್ನ ಕೈ ಎಂಥದ್ದು ಎಂದು ಅವರಿಗೆ ತೋರಿಸಬೇಕು, ಅವರ ಮನೆಯಲ್ಲಿ ನಾನೇ ನಿಂತು ಅದನ್ನು ಕೂರಿಸಬೇಕು, ಅವರು ಮತ್ತೊಮ್ಮೆ ಹೆಗಲ ಮೇಲೆ ಕೈಯಿಡಬೇಕು. ನನ್ನ ಆಸೆ ಇಷ್ಟೇ ಇತ್ತು, ಮುಚ್ಚಿಡುವುದೇನಿದೆ? ಸುತಳಿಯನ್ನು ನೋಡಿ ಮನಸ್ಸಿಗೆ ಏನೋ ಚುಚ್ಚಿತು ನಿಜ. ಚುಚ್ಚಿದ್ದನ್ನು ಅಲ್ಲೇ ಒತ್ತಿಬಿಟ್ಟೆ.

ಕುಸುಬಿ ಕೊಯ್ಯುವುದು ಗುಲಾಬಿ ಕೊಯ್ದ ಹಾಗಲ್ಲ. ನಮ್ಮ ಎರೆಹೊಲದಲ್ಲಿ ಅದರ ಸಾಲಿನೊಳಗೆ ನಡೆದವರಿಗೆ ಗೊತ್ತು, ಎಲೆಯ ಅಂಚಿಗೆಲ್ಲ ಮುಳ್ಳು, ಹೂವಿನ ಬುಡಕ್ಕೂ ಮುಳ್ಳು. ಕೊಯ್ಲಿಗೆ ಹೋಗುವ ಹೆಂಗಸರು ಕೈಗೆ ಅರಿವೆ ಸುತ್ತಿಕೊಂಡು ಹೋಗುತ್ತಾರೆ. ಆ ಮುಳ್ಳು ಮೊನಚಾಗಿ ಬಂದರೆ ಕುಸುಬಿ, ಬರದಿದ್ದರೆ ಯಾವುದೋ ಹೂವು. ಆದ್ದರಿಂದ ಮೊದಲ ಪ್ರಶ್ನೆಯೇ ಬ್ಲೇಡಿನದಾಯಿತು.

ಬ್ಲೇಡಿನಲ್ಲಿ ಎರಡು ಜಾತಿ. ಚಪ್ಪಟೆ ಬ್ಲೇಡಿಗೆ ಮುಂದೆ ಮಾತ್ರ ಹಲ್ಲು. ಬಳ್ಳಿ ಎತ್ತ ಹೊರಳಿದರೂ ಹಲಗೆಯನ್ನೇ ತಿರುಗಿಸಿ ಬ್ಲೇಡಿನ ಮುಖಕ್ಕೆ ಕೊಡಬೇಕು. ಸ್ವಲ್ಪ ಬಲಕ್ಕೆ ಎಳೆಯುವ ಚಾಳಿ ಅದಕ್ಕೆ, ಕೈ ಅದನ್ನು ಸಂಭಾಳಿಸಿಕೊಂಡು ಹೋಗಬೇಕು. ಆದರೆ ಕೊಯ್ದ ಅಂಚು ನುಣುಪಾಗಿ ಬರುತ್ತದೆ, ಉಜ್ಜು ಕಾಗದವೂ ಹೆಚ್ಚು ಬೇಡ. ಮೂಲೆಯ ತನಕ ಹೋಗಿ, ಅದೇ ಗೀರಿನಲ್ಲಿ ಹಿಂದೆ ಬಂದು, ಇನ್ನೊಂದು ಬದಿಯಿಂದ ಮತ್ತೆ ಮೂಲೆಗೆ ಹೋದರೆ ಸೂಜಿಯಂಥ ಮೊನೆ ಸಿಗುತ್ತದೆ. ಸುರುಳಿ ಬ್ಲೇಡೆಂದರೆ ಅಂಥದೇ ಬ್ಲೇಡನ್ನು ಹಗ್ಗದ ಹಾಗೆ ಹೊಸೆದದ್ದು. ಸುತ್ತಲೂ ಹಲ್ಲು. ಹಲಗೆ ತಿರುಗಿಸುವ ಕೆಲಸವೇ ಇಲ್ಲ, ಮುಂದೆ, ಹಿಂದೆ, ಬಾಜು, ಎತ್ತ ದೂಡಿದರೂ ಕೊಯ್ಯುತ್ತದೆ. ಆದರೆ ಗೀರು ದಪ್ಪ, ಅಂಚು ಒರಟು, ಹಿಂಬದಿಗೆ ನಾರು ಎದ್ದು ನಿಲ್ಲುತ್ತದೆ. ಎರಡು ಮುಳ್ಳಿನ ನಡುವಿನ ಸಂದು ದುಂಡಗಾಗಿ ಮೊನೆ ಸವೆದು ಹೋಗುತ್ತದೆ.

ತುಂಡು ಕಟ್ಟಿಗೆಯ ಮೇಲೆ ಎರಡರಿಂದಲೂ ಒಂದೊಂದು ಹೂವು ಕೊಯ್ದು ಹೆಂಡತಿಯ ಮುಂದಿಟ್ಟೆ. ಚಪ್ಪಟೆ ಬ್ಲೇಡಿನದನ್ನು ಮುಟ್ಟಿ, "ಇದು ಕುಸುಬಿ" ಎಂದಳು. ಇನ್ನೊಂದನ್ನು ಎತ್ತಿಯೂ ನೋಡಲಿಲ್ಲ. "ಅದು ಸೇವಂತಗಿ ಆಗೇತಿ. ಸಂತ್ಯಾಗ ಮಾರ್ರಿ."

ತೀರ್ಮಾನ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಮಷಿನ್ನಿನಲ್ಲಿ ಬ್ಲೇಡಿನಿಂದ ಹಿಂದಿನ ಕಂಬಕ್ಕೆ ಇರುವ ದೂರ ಇಪ್ಪತ್ತು ಇಂಚು. ಮೂರು ಅಡಿಯ ಹಲಗೆಯನ್ನು ಅಲ್ಲಿ ಸುತ್ತ ತಿರುಗಿಸಲು ಹೋದರೆ ಮೂಲೆ ಕಂಬಕ್ಕೆ ಬಡಿದು ನಿಲ್ಲುತ್ತದೆ. ಚಪ್ಪಟೆ ಬ್ಲೇಡು ಬೇಕೆಂದರೆ ಜಾಲಿಯನ್ನು ನಾಲ್ಕು ತುಂಡು ಮಾಡಬೇಕು, ಒಂದೊಂದು ಒಂದೂವರೆ ಅಡಿಗೆ ಒಂದು ಅಡಿ. ನಾಲ್ಕನ್ನೂ ಹಿಡಿದುಕೊಳ್ಳಲು ನಡುವೆ ಅಡ್ಡ ಒಂದು, ಉದ್ದ ಒಂದು ಪಟ್ಟಿ. ಆ ಪಟ್ಟಿಗಳ ತುದಿಯನ್ನು ಗೋಡೆಯಲ್ಲಿ ಕೂತಿರುವ ಚೌಕಟ್ಟಿನೊಳಗೆ ಉಳಿಯಿಂದ ಕೊರೆದು ಇಳಿಸಬೇಕು. ಇದೆಲ್ಲ ಶೆಡ್ಡಿನಲ್ಲಿ ಆಗುವ ಕೆಲಸವಲ್ಲ. ಆ ಗೋಡೆಯ ಮುಂದೆ, ದೇವರ ಕೋಣೆಯೊಳಗೆ ಒಂದು ಕಾಲು, ಪಡಸಾಲೆಯಲ್ಲಿ ಒಂದು ಕಾಲು ಇಟ್ಟುಕೊಂಡು ಎರಡು ದಿನ ಮಾಡಬೇಕಾದದ್ದು. ಸುರುಳಿ ಬ್ಲೇಡಾದರೆ ಒಂದೇ ಹಲಗೆ. ಕೊಯ್ದು, ಕಟ್ಟಿ, ಬಾಗಿಲಲ್ಲಿ ಕೊಟ್ಟುಬಿಟ್ಟರೆ ಯಾರು ಬೇಕಾದರೂ ಚೌಕಟ್ಟಿನಲ್ಲಿಟ್ಟು ಸುತ್ತ ಪಟ್ಟಿ ಹೊಡೆಯಬಹುದು.

ಮಾಸ್ತರರಿಗೆ ಫೋನು ಮಾಡಿ ಎಲ್ಲ ಬಿಡಿಸಿ ಹೇಳಿದೆ. ನಾಲ್ಕು ತುಂಡು, ನಡುವೆ ಪಟ್ಟಿ, ನಾನೇ ಬಂದು ಜೋಡಿಸುತ್ತೇನೆ.

"ಒಂದ ಹಲಗ್ಯಾಗ ಮಾಡಪಾ" ಎಂದರು. "ಜೋಡ್ಸೂದು ಗೀಡ್ಸೂದು ಬ್ಯಾಡ. ನಾ ಗಾಡಿ ಕಳಸ್ತೀನಿ, ನಮ್ಮ ಬಡಿಗ್ಯಾ ಕುಂದ್ರಸ್ತಾನ."

"ಸರ್, ಒಂದ ಹಲಗಿ ಆದ್ರ ಮುಳ್ಳ ಬರೂದಿಲ್ರಿ."

"ನೀ ಮನಸ್ಸ ಮಾಡಿದ್ರ ಬರ್ತಾವ. ನಿನ್ನ ಕೈ ನನಗ ಗೊತ್ತಿಲ್ಲೇನು?"

ಹೊಗಳಿದರೋ ಬಾಯಿ ಮುಚ್ಚಿಸಿದರೋ ಆಗ ತಿಳಿಯಲಿಲ್ಲ. ಮರುದಿನ ಅವರೇ ಶೆಡ್ಡಿಗೆ ಬಂದರು. ಹೆಂಡತಿ ಮೂಲೆಯಲ್ಲಿ ಯಾವುದೋ ಹೆಸರಿನ ಹಲಗೆಗೆ ತೂತು ಹಾಕುತ್ತಿದ್ದಳು. ಮಾಸ್ತರರು ಅವಳ ಕಡೆ ಒಮ್ಮೆ ನೋಡಿ, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ದನಿ ಇಳಿಸಿದರು.

"ತಪ್ಪ ತಿಳ್ಕೋಬ್ಯಾಡ ತಮ್ಮಾ. ನನಗೇನಿಲ್ಲ. ನಿನ್ನ ಮನ್ಯಾಗ ಕುಂತ ಚಾ ಕುಡದಾಂವ ನಾ, ಹೌದಿಲ್ಲೋ? ಅವ್ವ ಅದಾಳ ನೋಡು, ಹಳೇ ಜೀವ. ದೇವರ ಕೋಣಿ ಅಂದ್ರ ಆಕಿಗೆ ಭಾಳ ಮಡಿ. ಈ ವಯಸ್ಸಿನ್ಯಾಗ ಆಕಿ ಮನಸ್ಸ ನೋಯಿಸೂದು ಬ್ಯಾಡ ಅಂತ..."

ಡ್ರಿಲ್ಲಿನ ಸದ್ದು ನಿಂತಿತ್ತು. ನಾನೇನೋ "ಹೌದ್ರಿ ಸರ್, ಹೌದ್ರಿ" ಎಂದೆ. ಎರಡು ಸಲ ಎಂದೆ. ಅವರು ಎದ್ದು ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟರು.

ಗಾಡಿಯ ಸದ್ದು ದೂರವಾದ ಮೇಲೆ ಹೆಂಡತಿ ಹೇಳಿದಳು: "ಇದು ಬ್ಲೇಡಿನ ಮಾತಲ್ಲ ನೋಡ್ರಿ."

"ನಿನಗೇನ ತಿಳೀತದ, ಸುಮ್ನಿರು" ಎಂದು ರೇಗಿದೆ. "ಮುದುಕಿ ಜೀವ, ಇವತ್ತೋ ನಾಳೆಯೋ ಅನ್ನೂ ಹಂಗ ಐತಂತ. ಸರ್ ಏನ ಮಾಡ್ತಾರ ಪಾಪ?"

"ಪಾಪನ ಮತ್ತ" ಎಂದಳು. ಡ್ರಿಲ್ಲು ಮತ್ತೆ ಶುರುವಾಯಿತು.

ಅವರ ಪರವಾಗಿ ನಾನೇ ವಾದ ಮಾಡಿದೆನಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮ ಮನೆಗೆ ಅಪ್ಪನ ಕಾಲಕ್ಕೇ ಬುದ್ಧನ ಪಟ ಬಂದಿದೆ. ಪೂಜೆ ಪುನಸ್ಕಾರ ನಾವು ಬಿಟ್ಟದ್ದು ಹೌದು. ಆದರೆ ಕೆಲಸ ಬೇರೆ. ಮಂದಿಯ ದೇವರ ಮಂಟಪಕ್ಕೆ ನಾನು ಎಷ್ಟೋ ಪ್ರಭಾವಳಿ ಕೊಯ್ದು ಕೊಟ್ಟಿದ್ದೇನೆ, ಒಂದು ದಿನವೂ ಬೇಸರಪಟ್ಟಿಲ್ಲ. ಬೇಸರ ಪಡುವ ಹಕ್ಕು ಯಾರದೆಂದು ಮಾತ್ರ ಯಾರೂ ಕೇಳುವುದಿಲ್ಲ. ಅಂತೂ ಸುರುಳಿ ಬ್ಲೇಡೇ ಎಂದು ಗಟ್ಟಿ ಮಾಡಿಕೊಂಡೆ. ಬಡಗಿಯಾಗಿ ಮಾಡಿದ ತೀರ್ಮಾನ ಅದಲ್ಲ, ಆರನೇ ಇಯತ್ತೆಯ ಹುಡುಗ ಮಾಡಿದ್ದು.

ಎರಡು ಅಡಿ ಅಗಲದ ಒಂದೇ ಹಲಗೆ ಸಿಗುವುದಿಲ್ಲ. ಒಂದೊಂದು ಅಡಿಯ ಎರಡು ಸಾಗವಾನಿ ಹಲಗೆ ಆರಿಸಿ, ಅಂಚು ಕೂಡಿಸಿ ಅಂಟು ಹಾಕಿ ಬಿಗಿದೆ. ದಪ್ಪ ಅರ್ಧ ಇಂಚು. ನಕ್ಷೆಯ ಕಾಗದ ಅಂಟಿಸಿದೆ. ನಡುವೆ ಒಂದು ದೊಡ್ಡ ಹೂವು, ಅದರಿಂದ ನಾಲ್ಕೂ ಕಡೆ ಹರಿದ ಬಳ್ಳಿ, ಅಂಚಿಗೆ ಆರು ಸಣ್ಣ ಹೂವು. ಹೆಂಡತಿ ಇಡೀ ದಿನ ಕೂತು ತೂತು ಹಾಕಿದಳು.

ಸುರುಳಿ ಬ್ಲೇಡಿನ ತುದಿಯೂ ಹೊಸೆದದ್ದೇ ಆದ್ದರಿಂದ ಮಷಿನ್ನಿನ ಹಿಡಿಕೆಯಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ಪಕ್ಕಡಿನಿಂದ ಒತ್ತಿ ಚಪ್ಪಟೆ ಮಾಡಿ ಸಿಕ್ಕಿಸಬೇಕು. ಚಪ್ಪಟೆ ಬ್ಲೇಡನ್ನು ಬಿಗಿದು ಬೆರಳಿನಿಂದ ಮೀಟಿದರೆ ಟಿಣ್ ಅನ್ನುತ್ತದೆ, ಇದು ಸ್ವಲ್ಪ ಹೊತ್ತಿಗೆಲ್ಲ ಹಿಗ್ಗಿ ಮಂದವಾಗುತ್ತದೆ. ಮತ್ತೆ ಬಿಗಿ, ಮತ್ತೆ ಮೀಟು. ಎರಡನೇ ದಿನಕ್ಕೆ ನನ್ನ ತಲೆ ಕೆಟ್ಟು ಹೋಯಿತು.

ಮೊದಲ ಹಲಗೆ ಕೆಟ್ಟದ್ದು ಕಟ್ಟಿಗೆಯ ಎಳೆಯಿಂದ. ಸಾಗವಾನಿಯಲ್ಲಿ ಒಂದು ಎಳೆ ಗಟ್ಟಿ, ಒಂದು ಎಳೆ ಮೆದು. ಚಪ್ಪಟೆ ಬ್ಲೇಡು ಅಡ್ಡ ಕೊಯ್ದುಕೊಂಡು ಹೋಗುತ್ತದೆ. ಸುರುಳಿಗೆ ಎಲ್ಲ ಕಡೆ ಹಲ್ಲಿರುವುದರಿಂದ ಮೆದು ಎಳೆ ಸಿಕ್ಕಿದ ಕೂಡಲೇ ಆ ಕಡೆ ಓಡುತ್ತದೆ. ನಡುವಿನ ಹೂವಿನ ಮೂರನೇ ಎಲೆಯಲ್ಲಿ ಹಾಗೇ ಓಡಿ ದಂಟನ್ನೇ ತುಂಡರಿಸಿತು. ಥೂ ಇದರವ್ವನ ಎಂದು ಮಷಿನ್ನು ಬಂದ್ ಮಾಡಿ ಹೊರಗೆ ಹೋಗಿ ನಿಂತೆ. ಯರಗುಪ್ಪಿ ಕಡೆಯಿಂದ ಹತ್ತಿ ಹೇರಿಕೊಂಡ ಟ್ರ್ಯಾಕ್ಟರುಗಳು ಬರುತ್ತಿದ್ದವು. ಒಂದರ ಹಿಂದೊಂದು ಅವು ಹೋಗುವ ತನಕ ನಿಂತು, ಒಳಗೆ ಬಂದು ಎರಡನೇ ಹಲಗೆ ಅಂಟಿಸಲು ಕೂತೆ.

ಈ ಸಲ ವೇಗ ಅರ್ಧಕ್ಕಿಳಿಸಿದೆ. ಎರಡೂ ಕೈಯ ಹೆಬ್ಬೆರಳು ಬ್ಲೇಡಿನ ಎರಡು ಬದಿಗೆ, ಉಸಿರು ಬಿಗಿಹಿಡಿದು, ನಕ್ಷೆಯ ಗೀರಿನ ಒಳಗಡೆಯೇ ಕೊಯ್ದು, ಉಳಿದದ್ದನ್ನು ಸಣ್ಣ ಅರದಿಂದ ತೀಡಿದೆ. ಹಿಂಬದಿಯ ನಾರು ತೆಗೆಯಲು ಉಜ್ಜು ಕಾಗದವನ್ನು ಸೀಳಿ, ಪ್ರತಿ ಸಂದಿಯೊಳಗೆ ದಾರದ ಹಾಗೆ ತೂರಿಸಿ ಎಳೆದೆ. ಚಪ್ಪಟೆ ಬ್ಲೇಡಿಗೆ ನಾಲ್ಕು ದಿನದಲ್ಲಿ ಮುಗಿಯುವ ಕೆಲಸ ಹನ್ನೊಂದು ದಿನ ತಿಂದಿತು. ಅಂಚಿನ ಆರು ಹೂವುಗಳ ಮುಳ್ಳನ್ನು ಕೈಗರಗಸದಿಂದ ತೆಗೆದೆ. ಅದು ಬಿಲ್ಲಿನಂಥ ಚೌಕಟ್ಟಿರುವ ಸಣ್ಣ ಗರಗಸ, ಚಪ್ಪಟೆ ಬ್ಲೇಡು ಹಾಕಬಹುದು. ಆದರೆ ಅದರ ಬಿಲ್ಲು ಎಂಟು ಇಂಚು ಆಳ. ಅಂಚಿನ ಹೂವಿಗೆ ಮುಟ್ಟಿತು, ನಡುವಿನ ದೊಡ್ಡ ಹೂವಿಗೆ ಮುಟ್ಟಲಿಲ್ಲ. ಚಾಕುವಿನ ಮೊನೆಯಿಂದ ಪ್ರಯತ್ನಪಟ್ಟೆ. ಎರಡು ಎಲೆಯ ತುದಿ ಚಕ್ಕೆ ಎದ್ದು ಹೋದವು. ಅಲ್ಲಿಗೆ ಕೈಬಿಟ್ಟೆ. ಎಲ್ಲರ ಕಣ್ಣು ಮೊದಲು ಬೀಳುವ ಹೂವೇ ಬೋಳಾಗಿ ಉಳಿಯಿತು.

ಮಾಸ್ತರರು ಕಳಿಸಿದ ಟೆಂಪೊ ಬಂತು. ಹಳೆಯ ಕೌದಿಯಲ್ಲಿ ಸುತ್ತಿ, ನಿಲ್ಲಿಸಿ ಕಟ್ಟಿ ಕಳಿಸಿದೆ. ಮಧ್ಯಾಹ್ನ ಫೋನು. ಅವರ ಬಡಗಿ.

"ಅಣ್ಣಾರ, ಇದು ಕೂಡವಲ್ದು. ಅಗಲಕ್ಕ ಅರ್ಧ ಇಂಚ ಹೆಚ್ಚಾತು."

ವಿಷಯ ಇಷ್ಟು. ಸುತಳಿ ಹಿಡಿದು ಅಳೆದ ದಿನ ಚೌಕಟ್ಟಿನ ಎಡಬಲಕ್ಕೆ ಒಳಪಟ್ಟಿ ಹೊಡೆದಿರಲಿಲ್ಲ. ಆಮೇಲೆ ಹೊಡೆದಿದ್ದಾರೆ. ನಾನು ಹೋಗಿ ನೋಡಿದ್ದರೆ ಮೊದಲ ಪ್ರಶ್ನೆ ಅದನ್ನೇ ಕೇಳುತ್ತಿದ್ದೆ. ನಾಲ್ಕು ತುಂಡಾಗಿದ್ದರೆ ನಡುವಿನ ಪಟ್ಟಿ ಅರ್ಧ ಇಂಚು ಸಣ್ಣದು ಮಾಡಿದರೆ ಮುಗಿದಿತ್ತು.

"ಕೈ ಹಚ್ಚಬ್ಯಾಡ. ನಾ ಈಗ ಬಸ್ ಹಿಡದ ಬರ್ತೀನಿ" ಎಂದೆ.

ಫೋನು ಮಾಸ್ತರರ ಕೈಗೆ ಹೋಯಿತು. "ಬರೂದ ಬ್ಯಾಡಪಾ. ನಾಡಿದ್ದ ವಾಸ್ತುಶಾಂತಿ. ದೇವರ ಕೋಣಿ ತೊಳದ ಆಗೇತಿ. ಹೆಂಗ ಕೊಯ್ಯೂದು ಅಂತ ಫೋನ್ನ್ಯಾಗ ಹೇಳು, ಅಂವ ಕೊಯ್ತಾನ."

ಹೇಳಿದೆ. ನನ್ನ ಜಾಲಿಯನ್ನು ಕತ್ತರಿಸುವುದು ಹೇಗೆಂದು ನಾನೇ ಶೆಡ್ಡಿನಲ್ಲಿ ನಿಂತು ಹೇಳಿಕೊಟ್ಟೆ. ಒಂದೇ ಬದಿಗೆ ಕೊಯ್ಯಬೇಡ, ನಡುವಿನ ಹೂವು ಸರಿದು ಹೋಗುತ್ತದೆ, ಎರಡೂ ಬದಿ ಕಾಲು ಕಾಲು ಇಂಚು ತೆಗೆ. ಗರಗಸ ಹಾಕಬೇಡ, ರಂದಾ ಹೊಡೆದು ತೆಳ್ಳಗೆ ಹೆರೆ. ಅಂಚಿಗೆ ಮೊದಲು ಟೇಪು ಅಂಟಿಸು. ಎರಡೂ ತುದಿಯಿಂದ ನಡುವಿಗೆ ಹೊಡೆ, ಆಚೆಗೆ ದಾಟಿಸಿದರೆ ಚಕ್ಕೆ ಏಳುತ್ತದೆ. ಅವನು ಒಳ್ಳೆಯವನೇ, ಪ್ರತಿ ಮಾತಿಗೂ "ಹೂನ್ರಿ" ಎನ್ನುತ್ತಿದ್ದ. ಫೋನನ್ನು ಬಂದ್ ಮಾಡದೆ ಕೆಳಗಿಟ್ಟು ರಂದಾ ಹೊಡೆಯತೊಡಗಿದ. ಕಟ್ಟಿಗೆ ಹೆರೆಯುವ ಸರಕ್ ಸರಕ್ ಸದ್ದು ಕೇಳುತ್ತಿತ್ತು. ಆಮೇಲೆ ಪಟ್ ಎಂದಿತು.

"ಏನಾತು?"

"ಏನಿಲ್ರಿ ಅಣ್ಣಾರ. ಒಂದ ಎಲಿ ಹೋತು. ಅಂಟ ಹಚ್ಚತೇನಿ, ಗೊತ್ತಾಗೂದಿಲ್ಲ."

ಹೆಂಡತಿ ನನ್ನ ಕೈಯಿಂದ ಫೋನು ತಗೊಂಡು ಬಂದ್ ಮಾಡಿದಳು.

ವಾಸ್ತುಶಾಂತಿಗೆ ಇಬ್ಬರಿಗೂ ಕರೆ ಇತ್ತು. ಅವಳು ಬರಲಿಲ್ಲ. "ಪೆಂಡಾಲಿನ್ಯಾಗ ಉಣ್ಣಾಕ ಕರದಾರ. ನಿಮ್ಮ ಮಾಸ್ತರರು, ನೀವ ಹೋಗ್ರಿ" ಎಂದಳು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಹೋಗಬಾರದಿತ್ತೇ? ಗೊತ್ತಿಲ್ಲ. ಜಾಲಿ ಹೇಗೆ ಕೂತಿದೆ ಎಂದು ಬಾಗಿಲಿನಿಂದಾದರೂ ಒಮ್ಮೆ ನೋಡಬೇಕು ಅನ್ನುವುದಿತ್ತು.

ಮನೆಯ ಮುಂದೆ ಪೆಂಡಾಲು. ಮಾಸ್ತರರು ಸೊಂಟಕ್ಕೆ ಟವೆಲು ಸುತ್ತಿಕೊಂಡು ತಾವೇ ಹೋಳಿಗೆ ಬಡಿಸುತ್ತಿದ್ದರು. ನನ್ನನ್ನು ಕಂಡು, "ಬಾ ಬಾ, ಕುಂದ್ರು" ಎಂದು ಪಂಕ್ತಿಯ ತುದಿಯಲ್ಲಿ ಜಾಗ ತೋರಿಸಿದರು. ಬಾಗಿಲಿನ ಬಾಜು ಕುರ್ಚಿ ಹಾಕಿಕೊಂಡು ಅವರ ತಾಯಿ ಕೂತಿದ್ದರು. ಇವತ್ತೋ ನಾಳೆಯೋ ಅನ್ನುವ ಹಾಗೇನೂ ಇರಲಿಲ್ಲ. ನೆಟ್ಟಗೆ ಕೂತು, ಬಂದವರನ್ನೆಲ್ಲ ಹೆಸರು ಹಿಡಿದು ಕರೆದು, ಉಂಡಿರೋ ಇಲ್ಲವೋ ಎಂದು ಗದರಿಸುತ್ತಿದ್ದರು. ನನ್ನ ಊಟ ಅರ್ಧಕ್ಕೆ ಬಂದಿತ್ತು. ಯಾರೋ ನನ್ನ ಕಡೆ ಕೈಮಾಡಿ ಅವರಿಗೆ ಏನೋ ಹೇಳಿದರು. ಮುದುಕಿ ಕೋಲು ಊರಿಕೊಂಡು ಎದ್ದು ನೇರ ನನ್ನ ಮುಂದೆಯೇ ಬಂದು ನಿಂತರು.

"ಆ ಜಾಲಿ ಕೊಯ್ದಾಂವ ನೀನ ಏನೋ ತಮ್ಮಾ?"

"ಹೌದ್ರಿ ಅಮ್ಮಾರ."

"ಚಂದ ಮಾಡೀಯಪ್ಪಾ. ಆದ್ರ ಒಂದ ಮಾತ ಕೇಳ್ತೀನಿ. ಅಂಚಿನ ಹೂವಿಗೆ ಮುಳ್ಳ ಅದಾವು. ನಡುವಿನ ದೊಡ್ಡ ಹೂವಿಗೆ ಯಾಕಿಲ್ಲ? ಹುಟ್ಟಿದಾಗಿಂದ ಕುಸುಬಿ ಕಿತ್ತ ಕೈ ಇದು. ಮುಳ್ಳ ಬಿಟ್ಟ ಕುಸುಬಿ ನಾ ಕಂಡಿಲ್ಲ."

ಅಷ್ಟು ಮಂದಿ ನೋಡಿದ್ದಾರೆ, ಒಬ್ಬರೂ ಕೇಳದ್ದನ್ನು ಈ ಮುದುಕಿ ಕೇಳಿದರು. ಕೈಯಲ್ಲಿನ ತುತ್ತು ಕೆಳಗಿಟ್ಟೆ.

"ಒಂದ ಹಲಗ್ಯಾಗ ಮಾಡಿದ್ದಕ್ಕ ಅಲ್ಲಿಗೆ ಬ್ಲೇಡ ಮುಟ್ಟಲಿಲ್ರಿ. ನಾಕ ತುಂಡ ಮಾಡಿ ಇಲ್ಲೇ ಬಂದ ಜೋಡಿಸಿದ್ರ ಮುಳ್ಳ ಬರ್ತಿದ್ವುರಿ."

"ಮತ್ತ ಬರಬೇಕಿಲ್ಲೇನಪ್ಪಾ? ನೀನ ಒಲ್ಲೆ ಅಂದಿ ಅಂತಲ್ಲ!"

"ಯಾರಂದ್ರು?"

"ನನ್ನ ಮಗಾ. ಅವರು ಬುದ್ಧನ ಕಡೆ ಹ್ವಾದ ಮಂದಿ, ದೇವರ ಕೋಣ್ಯಾಗ ಕಾಲಿಡೂದಿಲ್ಲ, ಅಂವಗ ಒತ್ತಾಯ ಮಾಡಬ್ಯಾಡ ಅಂದ. ನಾ ಅಂದೆ, ಕರದರ ನೋಡೋ, ಕೆಲಸದಂವಗ ದೇವರ ಕೋಣಿ ಏನ, ಅಡಗಿ ಕೋಣಿ ಏನ. ಹಳೇ ಮನ್ಯಾಗ ದೇವರ ಕೋಣಿ ಮಾಳಗಿ ಸೋರಿದಾಗ ನಿಮ್ಮ ಕೇರಿ ಮುದುಕಪ್ಪ ಅಲ್ಲೇ ಒಳಗ ನಿಂತ ತೊಲಿ ಏರಿಸಿದ್ದ. ಆಗ ನನ್ನ ಗಂಡ ಬದುಕಿದ್ದ. ಯಾರ ಏನ ಅಂದಿದ್ರು?"

ನನಗೆ ತಾಯಿಯ ಹೆಸರು, ತಾಯಿಗೆ ನನ್ನ ಹೆಸರು. ಇಬ್ಬರೂ ಒಲ್ಲೆ ಅಂದಿರಲಿಲ್ಲ. ಒಲ್ಲೆ ಅಂದವರು ಹೋಳಿಗೆಯ ಬುಟ್ಟಿ ಹಿಡಿದು ಎರಡು ಎಲೆ ಆಚೆಗೆ ನಿಂತಿದ್ದರು, ಮಾತೆಲ್ಲ ಕೇಳಿಸಿಕೊಂಡಿದ್ದರು.

"ಏನೋ ಇದು?" ಎಂದು ತಾಯಿ ಅವರನ್ನು ಕೇಳಿದರು. "ಈ ತಮ್ಮ ಬರ್ತಿದ್ದೆ ಅನ್ನಾಕತ್ಯಾನಲ್ಲ."

ಮಾಸ್ತರರು ನಕ್ಕರು. ಆರನೇ ಇಯತ್ತೆಯಲ್ಲಿ ನಾನು ಉತ್ತರ ಮರೆತು ನಿಂತಾಗ ನಗುತ್ತಿದ್ದ ಹಾಗೆಯೇ, ಹೇಳಿಕೊಡುವ ಹಾಗೆ ನಕ್ಕರು. "ಅವರಿಗೆ ಅದೆಲ್ಲ ನಡಿಯೂದಿಲ್ಲಬೇ. ಹೌದಿಲ್ಲೋ ತಮ್ಮಾ? ಹೇಳು ಅವ್ವಗ."

ಪಂಕ್ತಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹೌದ್ರಿ ಸರ್ ಅಂದರೆ ಮುಗಿಯುತ್ತಿತ್ತು. ಅವರ ಮಾನ ಉಳಿಯುತ್ತಿತ್ತು, ಇನ್ನೊಂದು ಹೋಳಿಗೆ ನನ್ನ ಎಲೆಗೆ ಬೀಳುತ್ತಿತ್ತು. ಜೀವಮಾನದಲ್ಲಿ ಅವರು ಕೇಳಿದ ಯಾವ ಪ್ರಶ್ನೆಗೂ ನಾನು ಅವರಿಗೆ ಬೇಕಾದ ಉತ್ತರವನ್ನೇ ಕೊಟ್ಟವನು.

"ನಡೀತದ್ರಿ ಸರ್" ಎಂದೆ. "ಕೆಲಸ ಎಲ್ಲಿದ್ರೂ ನಾ ಹೋಗ್ತೀನಿ. ನೀವು ನನಗ ಅಮ್ಮಾರ ಮಡಿ ಅಂತ ಹೇಳಿದ್ರಿ. ಅಮ್ಮಾರಿಗೆ ನನ್ನ ಹೆಸರ ಹೇಳೀರಿ. ನಿಮಗ ಬ್ಯಾಡಾಗಿತ್ತಂದ್ರ ನಿಮ್ಮ ಹೆಸರ ಹೇಳಬೇಕಿತ್ರಿ."

ಮಾಸ್ತರರು ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಮಂದಿ ಉಣ್ಣಾಕತ್ತಾರ, ಈಗ್ಯಾಕ ಅದೆಲ್ಲಾ" ಎಂದು ಮುಂದಿನ ಎಲೆಗೆ ಹೋದರು. ಆ ಎಲೆಯವನು ಬೇಡವೆಂದು ಕೈ ಅಡ್ಡ ಹಿಡಿದರೂ ಅವನಿಗೆ ಎರಡು ಹೋಳಿಗೆ ಹಾಕಿದರು.

ಮುದುಕಿ ನನ್ನ ರಟ್ಟೆ ಹಿಡಿದರು. "ಏಳಪ್ಪಾ. ಈಗ ಬಾ ಒಳಗ. ನಾ ಕರ್ಕೊಂಡ ಹೋಗ್ತೀನಿ, ಯಾಂವ ಅಡ್ಡ ಬರ್ತಾನ ನೋಡೂಣು."

ಎದ್ದೆ. ಬಾಗಿಲ ತನಕ ನಡೆದೆ. ಅಲ್ಲಿಂದ ಪಡಸಾಲೆಯ ಆಚೆ ಜಾಲಿ ಕಾಣುತ್ತಿತ್ತು, ಒಳಗಿನ ದೀಪದ ಬೆಳಕು ಅದರ ಸಂದಿನಿಂದ ಬರುತ್ತಿತ್ತು. ಎಡಕ್ಕೆ ಮುರಿದ ಎಲೆಯ ಜಾಗಕ್ಕೆ ಅಂಟಿನ ಕಲೆ. ನಡುವಿನ ಹೂವು ಬೋಳು ಬೋಳು. ಕೈಕಾಲು ತೊಳೆದು ಬಂದ ನೆಂಟರು ನನ್ನನ್ನು ಸರಿಸಿಕೊಂಡು ಒಳಗೆ ಹೋಗುತ್ತಿದ್ದರು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮುದುಕಿಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡೆ.

"ಇವತ್ತ ಬ್ಯಾಡ್ರಿ ಅಮ್ಮಾರ. ಇವತ್ತ ಊಟಕ್ಕ ಬಂದೀನಿ. ಕೆಲಸಕ್ಕ ಕರದ ದಿನ ಒಳಗ ಬರ್ತೀನಿ."

ಬಸ್ಸಿಗೆ ಕಾಯದೆ ನಡೆದೇ ಸಂಶಿಗೆ ಬಂದೆ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ನಾ ಹೇಳಿರಲಿಲ್ಲವೇ ಅನ್ನಲಿಲ್ಲ. ಮರುದಿನ ನಾಲ್ಕು ಹಲಗೆ ತೆಗೆದು ಕೊಟ್ಟಾಗ ಏಕೆಂದೂ ಕೇಳದೆ ತೂತು ಹಾಕಿಕೊಟ್ಟಳು. ಕಾಲು ಕಾಲು ಇಂಚು ಕಳೆದ ಅಳತೆ ನನಗೆ ಬಾಯಿಪಾಠವಾಗಿತ್ತು. ಚಪ್ಪಟೆ ಬ್ಲೇಡು ಬಿಗಿದು ನಾಲ್ಕೇ ದಿನದಲ್ಲಿ ಕೊಯ್ದೆ. ನನ್ನ ಕೈಯಿಂದ ಅಷ್ಟು ಶುದ್ಧ ಕೆಲಸ ಅದಕ್ಕೆ ಮೊದಲು ಬಂದಿಲ್ಲ. ನಾಲ್ಕು ತುಂಡಿಗೆ ಹಂಚಿದ ನಡುವಿನ ಹೂವಿನ ಮೇಲೆ ಬೆರಳಾಡಿಸಿದರೆ ಚುಚ್ಚುತ್ತದೆ.

ನಾಲ್ಕು ತುಂಡೂ ಶೆಡ್ಡಿನ ಗೋಡೆಗೆ ಒರಗಿವೆ. ಹುಬ್ಬಳ್ಳಿಯ ಒಬ್ಬರು ನೋಡಿ ಕೇಳಿದರು, ಕೊಡಲಿಲ್ಲ. ಮಾಸ್ತರರ ಮನೆಯಿಂದ ಫೋನು ಬಂದಿಲ್ಲ. ಬರುತ್ತದೆಂದು ನಾನೂ ಕಾಯುತ್ತಿಲ್ಲ, ಹೆಂಡತಿಯ ಮುಂದೆ ಹಾಗೆಂದು ಹೇಳುತ್ತೇನೆ. ಮಾಸ್ತರರು ಈಗಲೂ ಸಂತೆಯ ದಿನ ಸಂಶಿಗೆ ಬರುತ್ತಾರೆ, ಕಾಯಿಪಲ್ಲೆ ಚೀಲ ಗಾಡಿಗೆ ಸಿಕ್ಕಿಸಿಕೊಂಡು ನನ್ನ ಶೆಡ್ಡಿನ ಮುಂದೆಯೇ ಹೋಗುತ್ತಾರೆ. ಈ ಕಡೆ ನೋಡುವುದಿಲ್ಲ. ನನಗೆ ಇದ್ದದ್ದು ಅವರೊಬ್ಬರೇ ಮಾಸ್ತರರು. ಗಾಡಿಯ ಸದ್ದು ಕೇಳಿದರೆ ಈಗಲೂ ಎದ್ದು ನಿಲ್ಲುತ್ತೇನೆ, ಆಮೇಲೆ ನೆನಪಾಗಿ ಕೂರುತ್ತೇನೆ.